ತಾತನ ಟವೆಲ್ಲು, ನನ್ನ ಲಿನಕ್ಸು

ಲ್ಯಾಪ್‌ಟಾಪಿನ ಪರದೆಯನ್ನು ಮೆತ್ತನೆಯ ಹತ್ತಿಬಟ್ಟೆಯಲ್ಲೇ ಒರೆಸಬೇಕು ಎಂದು ಎಲ್ಲೋ ಓದಿದ ನೆನಪು. ಮೊನ್ನೆ ಶನಿವಾರ ಅಂಥದ್ದೊಂದನ್ನು ಹುಡುಕುತ್ತ ಬೀರುವಿನ ತಳಕ್ಕೆ ಕೈ ಹಾಕಿದೆ. ಹಳೆಯ ಟವೆಲ್ಲೊಂದು ಸಿಕ್ಕಿತು. ಕೆಂಪು ಚೌಕುಳಿಯದು, ಒಗೆದು ಒಗೆದು ಜಾಳುಜಾಳಾದದ್ದು. ಇನ್ನೂ ಒಂದು ಮೂಲೆ ಒರೆಸಿರಲಿಲ್ಲ, ಅಡುಗೆಮನೆಯಿಂದ ಬಂದ ಅಮ್ಮ ನಿಂತಲ್ಲೇ ನಿಂತಳು.

“ಅದ್ಯಾಕೋ ತಗೊಂಡೆ? ನಿಮ್ ತಾತಂದು ಕಣೋ ಅದು.”

“ಸುಮ್ನೆ ಧೂಳು ಒರೆಸ್ತಿದೀನಿ ಅಷ್ಟೇ.”

“ಧೂಳ್ ಒರ್ಸೋಕೆ ಬೇರೆ ಬಟ್ಟೆ ಇಲ್ವಾ ಮನೇಲಿ? ಆ ಟವಲ್ ಕೆಳ್ಗೆ ಎಷ್ಟ್ ಎತ್ತು ವ್ಯಾಪಾರ ಆಗವೆ ಗೊತ್ತಾ ನಿಂಗೆ?”

ಗೊತ್ತಿತ್ತು. ವ್ಯಾಪಾರವಾಗದೇ ಹೋದ ಒಂದು ಎತ್ತಿನ ವಿಷಯವೂ ಗೊತ್ತಿತ್ತು. ಆ ಎತ್ತಿನ ಕಥೆ ಹೇಳಬೇಕೆಂದರೆ ಮೊದಲು ನನ್ನ ಲ್ಯಾಪ್‌ಟಾಪಿನ ಕಥೆ ಹೇಳಬೇಕು. ಲ್ಯಾಪ್‌ಟಾಪಿನ ಕಥೆಗೂ ಮೊದಲು ನನ್ನ ಹೆಂಡತಿಯ ಚಟ್ನಿಪುಡಿಯ ಕಥೆ ಹೇಳಬೇಕು. ಸ್ವಲ್ಪ ತಾಳ್ಮೆ ಇರಲಿ. ನನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಬೇಕಾಗಿರುವ ತಾಳ್ಮೆಯ ಮುಂದೆ ನಿಮ್ಮದು ಏನೂ ಅಲ್ಲ.

ನಾವಿರುವುದು ಯಲಹಂಕದ ಹತ್ತಿರದ ಕೋಗಿಲಿನಲ್ಲಿ. ನಮ್ಮ ಅಪಾರ್ಟ್‌ಮೆಂಟ್ ನಿಂತಿರುವುದು ನಮ್ಮ ತಾತ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ. ಚಿಕ್ಕಪ್ಪ ಬಿಲ್ಡರುಗಳ ಜೊತೆ ಸೇರಿ ತಾನೂ ಬಿಲ್ಡರಾದ. ನಮ್ಮ ಪಾಲಿಗೆ ಒಂದು ಫ್ಲ್ಯಾಟೂ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ‘ಇದೆಲ್ಲ ನಮ್ಮದೇ ಜಮೀನು’ ಎಂದು ಹೇಳಿಕೊಳ್ಳುವ ಚಟವೂ ಬಂದವು. ಅಮ್ಮನಿಗೆ ನೆಲಮಾಳಿಗೆಯ ಪಾರ್ಕಿಂಗ್ ಇವತ್ತಿಗೂ ‘ಬಾವಿ ಹೊಲ’. ಕಾರು ಎಲ್ಲಿ ನಿಲ್ಲಿಸಿದ್ದೀಯ ಎಂದು ಕೇಳಿದರೆ ಬಾವಿ ಹೊಲದಲ್ಲಿ ಎನ್ನಬೇಕು. ಬಿ-ಎರಡು ಎಂದರೆ ಅವಳಿಗೆ ಅರ್ಥವಾಗುವುದಿಲ್ಲ, ಅರ್ಥವಾದರೂ ಒಪ್ಪುವುದಿಲ್ಲ.

ಆ ಬಾವಿ ಹೊಲದಲ್ಲಿ ಈಗ ಭಾನುವಾರ ಬೆಳಿಗ್ಗೆ ಸಂತೆ ನಡೆಯುತ್ತದೆ. ಹಳ್ಳಿಯನ್ನು ಎಬ್ಬಿಸಿ ಅಪಾರ್ಟ್‌ಮೆಂಟ್ ಕಟ್ಟುವುದು, ಆಮೇಲೆ ಅದರ ನೆಲಮಾಳಿಗೆಯಲ್ಲಿ ಹಳ್ಳಿಸಂತೆ ಮಾಡುವುದು ನಮ್ಮ ಕಡೆಯ ಹೊಸ ಸಂಪ್ರದಾಯ. ಸೊಪ್ಪು, ಕೇಕು, ವಾಸನೆಯ ಮೇಣದಬತ್ತಿ, ಎಲ್ಲಕ್ಕೂ ಒಂದೊಂದು ಟೇಬಲ್ಲು. ಅಲ್ಲಿ ತನಗೂ ಒಂದು ಟೇಬಲ್ ಸಿಗಬೇಕೆಂದು ನನ್ನ ಹೆಂಡತಿ ಪುಷ್ಪ ಬಹಳ ದಿನದಿಂದ ಕಾದಿದ್ದಳು. ಅವಳ ಹುಚ್ಚೆಳ್ಳು ಚಟ್ನಿಪುಡಿಯನ್ನು ತಿಂದವರು ಡಬ್ಬಿ ವಾಪಸ್ ಕೊಡುವಾಗ ಖಾಲಿ ಡಬ್ಬಿಯೊಳಗೆ ಆಸೆಯಿಂದ ಇಣುಕುತ್ತಾರೆ. ಅಂಥ ಪುಡಿ. ಕೊನೆಗೊಮ್ಮೆ ನಿವಾಸಿಗಳ ಸಂಘದ ಕಾರ್ಯದರ್ಶಿ ಒಪ್ಪಿದರು. ಒಂದು ಭಾನುವಾರ ಪರೀಕ್ಷೆಗೆ ಟೇಬಲ್ ಕೊಡುತ್ತೇವೆ, ಸರಿಹೋದರೆ ಕಾಯಂ. ಆದರೆ ಪ್ರತಿ ಪೊಟ್ಟಣದ ಮೇಲೂ ಅಚ್ಚಾದ ಲೇಬಲ್ ಇರಲೇಬೇಕು. ಪುಡಿಯ ಹೆಸರು, ಅದರಲ್ಲೇನಿದೆ, ಯಾವಾಗ ಮಾಡಿದ್ದು. ಲೇಬಲ್ ಇಲ್ಲದ ಪೊಟ್ಟಣ ಬಂದರೆ ಟೇಬಲ್ ಮೇಣದಬತ್ತಿಯವರಿಗೆ ಹೋಗುತ್ತದೆ. ಅವರು ಎರಡನೆಯ ಟೇಬಲ್ಲಿಗೆ ಕಣ್ಣಿಟ್ಟು ಕೂತಿದ್ದರು.

ಪುಷ್ಪ ಲೇಬಲ್ ಅಚ್ಚು ಹಾಕುವ ಪುಟ್ಟ ಪ್ರಿಂಟರೊಂದನ್ನು ತರಿಸಿದಳು. ಟವೆಲ್ ಸಿಗುವ ಹಿಂದಿನ ವಾರ, ಶುಕ್ರವಾರ ಸಂಜೆ ಅದು ಬಂತು. “ನಿಮ್ ಲ್ಯಾಪ್‌ಟಾಪ್‌ಗೆ ಹಾಕಿ ಕೊಡ್ರೀ, ಬೇರೇದೆಲ್ಲ ನಾನು ನೋಡ್ಕೋತೀನಿ” ಎಂದಳು. ಅವಳು ನನ್ನಿಂದ ಕೇಳಿದ್ದು ಅಷ್ಟೇ.

ಇಲ್ಲಿ ಲಿನಕ್ಸ್ ಬರುತ್ತದೆ. ಲ್ಯಾಪ್‌ಟಾಪ್ ಕೊಂಡಾಗ ಕಂಪನಿಯವರು ಹಾಕಿಕೊಟ್ಟಿದ್ದ, ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರನ್ನು ತತ್ವಕ್ಕಾಗಿ ಕಿತ್ತುಹಾಕಿ, ಅದರ ಜಾಗದಲ್ಲಿ ನಾನು ಎಲ್ಲರಿಗೂ ಕಾಸಿಲ್ಲದೆ ಸಿಗುವ ಲಿನಕ್ಸ್ ಹಾಕಿಕೊಂಡಿದ್ದೆ. ಅದರಲ್ಲೂ ಸುಲಭದ್ದಲ್ಲ, ಪ್ರತಿಯೊಂದನ್ನೂ ಕೈಯಾರೆ ಜೋಡಿಸಿಕೊಳ್ಳಬೇಕಾದದ್ದು. ಸುಲಭದ್ದನ್ನು ಹಾಕಿಕೊಂಡರೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಏನೆಂದು ಹೇಳಿಕೊಳ್ಳುವುದು? ನಿಮ್ಮಲ್ಲಿ ಲಿನಕ್ಸ್ ಮುಟ್ಟದ ಪುಣ್ಯವಂತರೇ ಹೆಚ್ಚಿರುವುದರಿಂದ ಸ್ವಲ್ಪ ವಿವರಿಸುತ್ತೇನೆ. ಮುಟ್ಟಿದವರಿಗೆ ನಾನು ಹೇಳಲಿರುವುದು ತಪ್ಪು ಎಂದು ಈಗಾಗಲೇ ಅನ್ನಿಸಿರುತ್ತದೆ.

ನನ್ನ ಲಿನಕ್ಸಿನಲ್ಲಿ ಒಬ್ಬ ಉಗ್ರಾಣದವನಿದ್ದಾನೆ. ಪ್ಯಾಕೇಜ್ ಮ್ಯಾನೇಜರ್ ಎನ್ನುತ್ತಾರೆ. ಬೇಕಾದ ಸಾಫ್ಟ್‌ವೇರಿನ ಹೆಸರು ಹೇಳಿದರೆ ಅಧಿಕೃತ ಉಗ್ರಾಣದಿಂದ ತಂದು ಜೋಡಿಸಿ ಕೊಡುತ್ತಾನೆ. ಅಲ್ಲಿಲ್ಲದ ವಸ್ತು ಬೇಕೆಂದರೆ ಬಳಸುವವರೇ ಸೇರಿ ನಡೆಸುವ ಇನ್ನೊಂದು ಜಾಗವಿದೆ. ಅಲ್ಲಿ ಸಿದ್ಧ ಸಾಮಾನು ಸಿಗುವುದಿಲ್ಲ; ಹೇಗೆ ಮಾಡಿಕೊಳ್ಳಬೇಕೆಂದು ಯಾರೋ ಮುಖ ಕಾಣದ ಪುಣ್ಯಾತ್ಮ ಬರೆದಿಟ್ಟ ಚೀಟಿ ಸಿಗುತ್ತದೆ. ಅದನ್ನು ಇಳಿಸಿಕೊಂಡು, ಓದಿ ನೋಡಿ, ಅದರಂತೆ ಕಟ್ಟಿಕೊಳ್ಳಬೇಕು. ಎರಡು ಸಾಲು ಟೈಪ್ ಮಾಡಿದರೆ ಮುಗಿಯುವ ಕೆಲಸ. ಈ ಎರಡು ಸಾಲನ್ನು ಒಂದು ಸಾಲು ಮಾಡಿಕೊಡಲು ಸಹಾಯಕ ಸಾಫ್ಟ್‌ವೇರುಗಳಿವೆ. ಅಂದರೆ ಉಗ್ರಾಣದವನಿಗೊಬ್ಬ ಸಹಾಯಕ. ಯಾವ ಸಹಾಯಕ ಮೇಲು ಎಂದು ಜನ ವರ್ಷಗಟ್ಟಲೆಯಿಂದ ಜಗಳವಾಡುತ್ತಿದ್ದಾರೆ. ಆ ಜಗಳದಲ್ಲಿ ಅವರು ಬರೆದಿರುವ ಸಾಲುಗಳನ್ನು ಲೆಕ್ಕ ಹಾಕುವ ಧೈರ್ಯ ಯಾರಿಗೂ ಬಂದಿಲ್ಲ. ಉಳಿಸುವುದು ಮಾತ್ರ ಒಂದೇ ಸಾಲು.

ಅವುಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವುಗಳ ಭಕ್ತರು ಈ ಪ್ರಬಂಧದ ಉಳಿದ ಭಾಗವನ್ನು ಓದದೆ ನನಗೆ ಉತ್ತರ ಬರೆಯಲು ಕೂತುಬಿಡುತ್ತಾರೆ. ಒಂದು ಹಳೆಯದು, ಒಂದು ಹೊಸದು ಎಂದಿಟ್ಟುಕೊಳ್ಳಿ. ನಾನು ಹಳೆಯದರ ಕಡೆಯವನು. ನಮ್ಮ ಗುರುಶಾಂತ ಹೊಸದರ ಕಡೆಯವನು.

ಗುರುಶಾಂತ ನಾನು ಭೌತಶಾಸ್ತ್ರ ಕಲಿಸುವ ಯಲಹಂಕದ ಕಾಲೇಜಿನಲ್ಲೇ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾನೆ. ಗದಗದ ಕಡೆಯವನು, ಬಾಗಲಗುಂಟೆಯಲ್ಲಿ ಮನೆ. ನನಗೆ ಲಿನಕ್ಸ್ ದೀಕ್ಷೆ ಕೊಟ್ಟವನು ಅವನೇ. ದೀಕ್ಷೆ ಕೊಟ್ಟವನ ಮಾತನ್ನು ಮೀರಿ ನಾನು ಹಳೆಯದನ್ನು ಹಿಡಿದದ್ದು ಅವನಿಗೆ ಒಳಗೊಳಗೇ ನೋವು. ಪ್ರಿಂಟರಿನ ಡ್ರೈವರು, ಅಂದರೆ ಅದನ್ನು ಲ್ಯಾಪ್‌ಟಾಪಿನ ಜೊತೆ ಮಾತಾಡಿಸುವ ಸಾಫ್ಟ್‌ವೇರು, ಅಧಿಕೃತ ಉಗ್ರಾಣದಲ್ಲಿಲ್ಲ, ಆ ಇನ್ನೊಂದು ಜಾಗದಲ್ಲಿದೆ ಎಂದು ಶುಕ್ರವಾರವೇ ಫೋನಿನಲ್ಲಿ ಹೇಳಿದ್ದೆ. ಶನಿವಾರ ಬೆಳಿಗ್ಗೆ ಬೈಕಿನಲ್ಲಿ ಬಂದೇ ಬಿಟ್ಟ. ಬರುವಾಗ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಿದ್ದ. ಚಟ್ನಿಪುಡಿ ಮಾರುವ ಮನೆಗೆ ಚಟ್ನಿಪುಡಿ ತಂದವನನ್ನು ಪುಷ್ಪ ನಗುತ್ತಲೇ ಒಳಗೆ ಕರೆದಳು. ಆಗಿನ್ನೂ ಅವಳ ಮುಖದಲ್ಲಿ ನಗು ಇತ್ತು.

“ಸರ, ಹೊಸಾದು ಚೀಟಿ ತಾನಾಗೇ ತೋರಸ್ತದ್ರಿ. ಓದಿ ಹೂಂ ಅಂದಮ್ಯಾಲೇ ಮುಂದ ಹೋಗ್ತದ. ನಿಮ್ಮ ಹಳೇದು ಸುಮ್ಮ ನುಗ್ಗತದ” ಎಂದು ಕೂರುವ ಮೊದಲೇ ಶುರು ಮಾಡಿದ.

“ನುಗ್ಗಲ್ಲ ಗುರುಶಾಂತ. ನೋಡ್ಬೇಕಾ ಅಂತ ಕೇಳತ್ತೆ. ಬೇಡ ಅಂದ್ರೆ ಬಿಡತ್ತೆ. ಅದು ಮರ್ಯಾದೆ.”

“ಅದು ಮರ್ಯಾದಿ ಅಲ್ರಿ ಸರ, ಸಡ್ಲ ಬಿಡೂದು. ಯಾವನೋ ಬರೆದಿಟ್ಟಿದ್ದನ್ನ ಓದಲಾರದ ಮಷಿನ್ ಒಳಗ ಬಿಟ್ಕೋತೀರೇನ್ರಿ?”

“ನೀನು ಪ್ರತಿ ಸಲ ಓದ್ತೀಯಾ?”

ಗುರುಶಾಂತ ಒಂದು ಕ್ಷಣ ರೊಟ್ಟಿಯ ಗಂಟಿನ ಕಡೆ ನೋಡಿದ. “ತೋರಸಬೇಕ್ರಿ ಸರ. ಓದೂದು ಬಿಡೂದು ನಮಗ ಬಿಟ್ಟದ್ದು.”

ಹಾಗೆ ನಮ್ಮ ಚರ್ಚೆ ಏರಿತು. ಹಳೆಯದನ್ನು ಬರೆದ ಕಂಪ್ಯೂಟರ್ ಭಾಷೆ ಮೇಲೋ, ಹೊಸದನ್ನು ಬರೆದ ಭಾಷೆ ಮೇಲೋ ಎಂಬಲ್ಲಿಗೆ ಬಂತು. ಆ ಎರಡು ಭಾಷೆಯೂ ನಮ್ಮಿಬ್ಬರಿಗೂ ಬರುವುದಿಲ್ಲ. ಬಾರದ ಭಾಷೆಯ ಬಗ್ಗೆ ಮಾತನಾಡುವಾಗ ಸಿಗುವ ಸ್ವಾತಂತ್ರ್ಯ ಬಂದ ಭಾಷೆಯಲ್ಲಿ ಸಿಗುವುದಿಲ್ಲ ಎಂಬುದು ಆವತ್ತು ತಿಳಿಯಿತು. ಬೇರೆ ಊರಿನ, ಬೇರೆ ದೇಶದ ಜನ ಇಂಟರ್‌ನೆಟ್ಟಿನಲ್ಲಿ ಆಡಿದ ಜಗಳಗಳನ್ನೆಲ್ಲ ತೆಗೆದು ಓದಿದೆವು. ಎಷ್ಟೋ ವರ್ಷದ ಹಿಂದೆ ಸತ್ತ ಇನ್ನೊಂದು ಸಹಾಯಕದ ಶ್ರಾದ್ಧವನ್ನೂ ಮಾಡಿದೆವು. ಪುಷ್ಪ ಎರಡು ಸಲ ಕಾಫಿ ಕೊಟ್ಟಳು. ಮೂರನೆಯ ಸಲ ಬರಿಗೈಯಲ್ಲಿ ಬಂದಳು.

“ಆಯ್ತೇನ್ರೀ?”

“ನೋಡ್ತಾ ಇದೀವಿ.”

“ಏನ್ ನೋಡ್ತಾ ಇದೀರಾ? ಪ್ರಿಂಟರ್ ಇನ್ನೂ ಡಬ್ಬದಿಂದ ಆಚೆನೇ ಬಂದಿಲ್ಲ.”

ನಾನು ಸಹಾಯಕಗಳ ವಿಷಯ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಈಗ ನೆನೆದರೆ ಅದೇ ನನಗೆ ಹೆಚ್ಚು ಚುಚ್ಚುತ್ತದೆ.

“ಆ ಸಹಾಯಕ ಇಲ್ದೇ ಆಗಲ್ವಾ?”

“ಆಗತ್ತೆ.”

“ತುಂಬಾ ಹೊತ್ತು ಹಿಡಿಯತ್ತಾ?”

“ಇಲ್ಲ. ಎರಡು ಸಾಲು.”

“ಮತ್ತೆ ಹಂಗೇ ಮಾಡಿ ಕೊಡಿ.”

ಗುರುಶಾಂತನೂ ನಾನೂ ಮುಖ ಮುಖ ನೋಡಿಕೊಂಡೆವು. ಬೆಳಗಿನಿಂದ ಒಂದು ವಿಷಯಕ್ಕೂ ಒಪ್ಪದವರು ಈಗ ಒಂದಾದೆವು.

“ಅಕ್ಕಾರ, ಹಂಗ ಮಾಡಬಾರದ್ರಿ” ಎಂದ ಗುರುಶಾಂತ. “ಇವತ್ತ ಒಂದ್ ಪ್ರಿಂಟರು. ನಾಳೆ ಮತ್ತೊಂದ್ ಏನರ ಬೇಕಾಗ್ತದ. ಪದ್ಧತಿ ಅಂತ ಒಂದ್ ಇರಬೇಕಲ್ರಿ.”

“ನಾಳೆ ನಂಗೆ ಟೇಬಲ್ ಬೇಕು ಗುರುಶಾಂತ. ಪದ್ಧತಿ ಸೋಮವಾರ ಮಾಡ್ಕೊಳಿ” ಎಂದು ಅವಳು ಒಳಗೆ ಹೋದಳು. ಒಳಗೆ ಹುಚ್ಚೆಳ್ಳು ಹುರಿಯುವ ವಾಸನೆ ಬರುತ್ತಿತ್ತು. ಅಮ್ಮ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು.

ಈಗ ಎತ್ತಿನ ಕಥೆ.

ನನ್ನ ಚಿಕ್ಕಂದಿನಲ್ಲಿ ತಾತನ ಜೋಡೆತ್ತಿನಲ್ಲಿ ಒಂದು ಸತ್ತುಹೋಯಿತು. ಉಳುಮೆ ಹತ್ತಿರ ಬಂದಿತ್ತು. ತಾತ ನನ್ನನ್ನೂ ಕರೆದುಕೊಂಡು ದೊಡ್ಡಬಳ್ಳಾಪುರದ ಕಡೆಯ ದನದ ಸಂತೆಗೆ ಹೋದ. ನನಗೆ ನೆನಪಿರುವುದು ಸೆಗಣಿಯ ಘಾಟು, ಗಂಟಲೊಣಗಿಸುವ ಧೂಳು, ಚಡ್ಡಿಯ ಜೇಬಿನ ತುಂಬ ಕಡಲೆಪುರಿ. ಮತ್ತೆ ಟವೆಲ್ಲುಗಳು. ಎತ್ತಿನ ವ್ಯಾಪಾರವನ್ನು ಆಗ ಬಾಯಲ್ಲಿ ಮಾಡುತ್ತಿರಲಿಲ್ಲ. ಮಾರುವವನ ಕೈಯ ಮೇಲೆ ದಲ್ಲಾಳಿ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಇಷ್ಟು ಬೆರಳು ಹಿಡಿದರೆ ಇಷ್ಟು, ಅರ್ಧ ಮಡಿಸಿದರೆ ಇಷ್ಟು. ಮುಖ ಮಾತ್ರ ಇಬ್ಬರದ್ದೂ ಯಾರದ್ದೋ ಮನೆಯ ಮದುವೆಯ ವಿಷಯ ಮಾತಾಡುವ ಹಾಗೆ ಇರುತ್ತಿತ್ತು. ಸುತ್ತ ನಿಂತವರಿಗೆ ಬೆಲೆ ಗೊತ್ತಾಗಬಾರದು. ದಲ್ಲಾಳಿಯಿಲ್ಲದೆ ಎತ್ತು ಕೊಳ್ಳುವುದೆಂದರೆ ಪುರೋಹಿತರಿಲ್ಲದೆ ತಾಳಿ ಕಟ್ಟಿದಷ್ಟೇ ಅವಮಾನ.

ಆ ಸಂತೆಯಲ್ಲಿ ಎರಡು ಹೆಸರಾಂತ ದಲ್ಲಾಳಿಗಳಿದ್ದರು. ಮುನಿಯಪ್ಪನದ್ದು ಮಿಂಚಿನ ಕೈ. ಟವೆಲ್ ಹಾಕಿದ, ತೆಗೆದ, ಎತ್ತು ನಿಮ್ಮದು. ಹನುಮಣ್ಣ ನಿಧಾನ. ಎತ್ತಿನ ಬಾಯಿ ಬಿಡಿಸಿ ಹಲ್ಲು ತೋರಿಸುವವನು, ಗೊರಸು ಎತ್ತಿ ತೋರಿಸುವವನು, ಬೆನ್ನ ಮೇಲಿನ ಸುಳಿ ತೋರಿಸಿ ಅದರ ಫಲ ವಿವರಿಸುವವನು. ಯಾರನ್ನು ಹಿಡಿಯಬೇಕೆಂದು ತಾತ ಬೆಳಿಗ್ಗೆ ಹುಣಸೆಮರದ ಕೆಳಗೆ ಕೂತು ಯೋಚಿಸತೊಡಗಿದ. ಪರಿಚಯದವರು ಬಂದು ಸೇರಿದರು. ಮುನಿಯಪ್ಪ ಯಾರಿಗೋ ಕುಂಟೆತ್ತು ಕೊಡಿಸಿದ್ದು ಬಂತು, ಹನುಮಣ್ಣನ ಮಾತು ಮುಗಿಯುವಷ್ಟರಲ್ಲಿ ಯಾರದ್ದೋ ಎತ್ತಿಗೆ ಇನ್ನೆರಡು ಹಲ್ಲು ಮೂಡಿದ್ದು ಬಂತು. ನನ್ನ ಕಡಲೆಪುರಿ ಮುಗಿಯಿತು. ತಾತ ತೀರ್ಮಾನಕ್ಕೆ ಬಂದು ಎದ್ದು ಪಂಚೆ ಕೊಡವುವಾಗ ಸಂತೆಯಲ್ಲಿ ಗೂಟಗಳು ಮಾತ್ರ ಇದ್ದವು. ಎತ್ತುಗಳೆಲ್ಲ ಯಾರ್‍ಯಾರದ್ದೋ ಊರಿಗೆ ಹೊರಟುಹೋಗಿದ್ದವು.

ಬಸ್ಸಿನಲ್ಲಿ ವಾಪಸ್ ಬರುವಾಗ ತಾತನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. “ಹನುಮಣ್ಣನೇ ಸರಿ ಕಣೋ” ಎಂದು ದಾರಿಯುದ್ದಕ್ಕೂ ನನಗೆ ಹೇಳುತ್ತಲೇ ಬಂದ. ಒಂದು ದೊಡ್ಡ ಕೆಲಸ ಮುಗಿಸಿ ಬಂದ ತೃಪ್ತಿ ಅವನ ಮುಖದಲ್ಲಿತ್ತು. ಮುಂದಿನ ವಾರ ನಾನು ಶಾಲೆಯಿಂದ ಬರುವಾಗ ಕೊಟ್ಟಿಗೆಯಲ್ಲಿ ಹೊಸ ಎತ್ತು ಇತ್ತು. ಹೇಗೆ ಬಂತು ಎಂದು ನಾನು ಕೇಳಲಿಲ್ಲ. ಮಕ್ಕಳಿಗೆ ಎತ್ತು ಬಂದರೆ ಸಾಕು; ಯಾವ ದಲ್ಲಾಳಿ ಎಂದು ಕೇಳುವ ಬುದ್ಧಿ ಬೆಳೆದ ಮೇಲೆ ಬರುವಂಥದ್ದು.

ಇದು ನಮ್ಮ ಮನೆತನದ ಕಾಯಿಲೆ ಮಾತ್ರ ಎಂದು ತಿಳಿದು ನೀವು ನಗಬೇಡಿ. ನಾವು ನಾಲ್ವರು ಸಹೋದ್ಯೋಗಿಗಳು ಒಮ್ಮೆ ಆರ್.ಟಿ. ನಗರದ ಒಂದು ಮದುವೆಗೆ ಒಂದೇ ಕಾರಿನಲ್ಲಿ ಹೊರಟಿದ್ದೆವು. ದಾರಿ ತೋರಿಸುವ ಆ್ಯಪ್ ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು. ಯಾರ ಆ್ಯಪ್ ನಂಬಬೇಕು ಎಂದು ಹೆಬ್ಬಾಳದ ಮೇಲ್ಸೇತುವೆಗೆ ಮೊದಲು ಕಾರನ್ನು ಪಕ್ಕಕ್ಕೆ ಹಾಕಿಕೊಂಡು ವಾದಿಸಿದೆವು. ನಾವು ಹೋದಾಗ ಛತ್ರದವರು ಬಾಳೆಲೆ ಎತ್ತುತ್ತಿದ್ದರು. ಯಾವ ಆ್ಯಪ್ ಸರಿ ಎಂಬುದರಲ್ಲಿ ಮಾತ್ರ ನನಗೆ ಈಗ ಯಾವ ಅನುಮಾನವೂ ಇಲ್ಲ.

ಪ್ರಿಂಟರಿನ ಶನಿವಾರಕ್ಕೆ ಬರೋಣ. ಊಟ ಮಾಡಿ ಗುರುಶಾಂತ ಬಾಗಲಗುಂಟೆಗೆ ಹೊರಟ. ತೀರ್ಮಾನವಾಗದೆ ಯಾರೂ ಏನೂ ಮಾಡಬಾರದು, ಸಂಜೆ ಫೋನಿನಲ್ಲಿ ಮಾತಾಡೋಣ ಎಂದು ಒಪ್ಪಂದವಾಯಿತು. ಅವನು ಹೋದ ಮೇಲೆ ಕುರ್ಚಿಯಲ್ಲೇ ಒಂದು ನಿದ್ದೆ ತೆಗೆದು ಎಚ್ಚರಾದಾಗ ನನಗೆ ಒಂದು ಯೋಚನೆ ಬಂತು. ಅವನಿಲ್ಲದಾಗ ನನ್ನ ಹಳೆಯ ಸಹಾಯಕದಲ್ಲೇ ಕೆಲಸ ಮುಗಿಸಿಬಿಟ್ಟರೆ? ಪುಷ್ಪನಿಗೂ ಲೇಬಲ್ ಆಯಿತು, ವಾದದಲ್ಲೂ ಗೆದ್ದಂತಾಯಿತು. ಸತ್ಯ ಹೇಳಬೇಕೆಂದರೆ ಆ ಎರಡರಲ್ಲಿ ಎರಡನೆಯದೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು.

ನನಗೆ ಗೊತ್ತಿಲ್ಲದ ಸಂಗತಿಯೆಂದರೆ, ಅದೇ ಯೋಚನೆ ಬಾಗಲಗುಂಟೆ ಮುಟ್ಟುವಷ್ಟರಲ್ಲಿ ಗುರುಶಾಂತನಿಗೂ ಬಂದಿತ್ತು. ನನ್ನ ಲ್ಯಾಪ್‌ಟಾಪ್ ಕೆಟ್ಟಾಗಲೆಲ್ಲ ಮನೆಯಿಂದಲೇ ಸರಿಮಾಡಲೆಂದು ಅದರೊಳಗೆ ದೂರದಿಂದ ಬರುವ ದಾರಿಯೊಂದನ್ನು ಅವನು ಮೊದಲೇ ಮಾಡಿಟ್ಟುಕೊಂಡಿದ್ದ. ಆ ದಾರಿಯಲ್ಲಿ ಸದ್ದಿಲ್ಲದೆ ಬಂದು, ತನ್ನ ಹೊಸ ಸಹಾಯಕವನ್ನು ಕೂರಿಸಿ, ಮೊದಲು ಇಡೀ ಲ್ಯಾಪ್‌ಟಾಪನ್ನೇ ನವೀಕರಿಸಿಬಿಡೋಣ ಎಂದು ಆಜ್ಞೆ ಕೊಟ್ಟು, ಚಹಾ ಕುಡಿಯಲು ಹೋಗಿದ್ದ. ಒಂದು ಪ್ರಿಂಟರಿಗಾಗಿ ಇಡೀ ಲ್ಯಾಪ್‌ಟಾಪನ್ನು ನವೀಕರಿಸುವುದು ಅವನ ಪದ್ಧತಿ.

ನಾನು ನನ್ನದನ್ನು ಶುರು ಮಾಡಿದೆ. ಉಗ್ರಾಣಕ್ಕೆ ಬೀಗ ಬಿದ್ದಿದೆ ಎಂದು ಉತ್ತರ ಬಂತು. ಒಬ್ಬರು ಒಳಗೆ ಕೆಲಸ ಮಾಡುವಾಗ ಇನ್ನೊಬ್ಬರು ನುಗ್ಗದಿರಲಿ ಎಂದು ಉಗ್ರಾಣದವನು ತಾನಾಗಿ ಹಾಕಿಕೊಳ್ಳುವ ಬೀಗ ಅದು, ಬಚ್ಚಲುಮನೆಯ ಚಿಲಕದ ಹಾಗೆ. ಒಳಗೆ ಯಾರಿದ್ದಾರೆ ಎಂದು ನೋಡಬೇಕಿತ್ತು. ಈ ಲ್ಯಾಪ್‌ಟಾಪ್ ಮುಟ್ಟುವವನು ನಾನೊಬ್ಬನೇ, ಹಿಂದೆ ಯಾವಾಗಲೋ ಬಿದ್ದು ತೆಗೆಯಲು ಮರೆತ ಬೀಗವಿರಬೇಕು ಎಂದುಕೊಂಡೆ. ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಹಾಗೆಯೇ ಹೇಳಿರುತ್ತಾರೆ. ಅದರ ಪಕ್ಕದಲ್ಲಿ ಬರೆದಿರುವ ಎಚ್ಚರಿಕೆಯನ್ನು ಯಾರೂ ಓದಿರುವುದಿಲ್ಲ. ಬೀಗವನ್ನು ಅಳಿಸಿ ಹಾಕಿದೆ.

ಆಮೇಲಿನದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಇಬ್ಬರು ಸಹಾಯಕರೂ ಒಂದೇ ಉಗ್ರಾಣದಲ್ಲಿ ಒಂದೇ ಹೊತ್ತಿಗೆ ಕೈಯಾಡಿಸಿದರು. ಪರದೆಯ ತುಂಬ ತಪ್ಪುಗಳ ಸಾಲು ಹರಿಯಿತು. ಗಾಬರಿಯಲ್ಲಿ ನಾನು ಎಲ್ಲ ಗಂಡಸರೂ ಮಾಡುವ ಕೆಲಸ ಮಾಡಿದೆ, ಆರಿಸಿ ಹಚ್ಚಿದೆ. ಆರಿತು. ಹತ್ತಲಿಲ್ಲ. ಕಪ್ಪು ಪರದೆಯ ಮೇಲೆ ಒಂದೇ ಒಂದು ಗೆರೆ ಮಿಟುಕುತ್ತ ಕೂತಿತು. ಫೋನ್ ಬಡಿದುಕೊಂಡಿತು.

“ಸರ, ನಿಮ್ಮ ಲ್ಯಾಪ್‌ಟಾಪ್ ಯಾಕ್ರೀ ಉತ್ತರ ಕೊಡವಲ್ದು?”

“ನೀನು ಯಾಕೋ ಅದರ ಹತ್ರ ಮಾತಾಡ್ತಿದ್ದೆ?”

ಆ ಕಡೆ ಚಹಾದ ಲೋಟ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಗುರುಶಾಂತ ಮೆಲ್ಲಗೆ ಕೇಳಿದ, “ಬೀಗಾ ನೀವು ತಗದ್ರೇನ್ರಿ?”

ಪುಷ್ಪ ಬಾಗಿಲಲ್ಲಿ ನಿಂತಿದ್ದಳು. ಕೈಯೆಲ್ಲ ಚಟ್ನಿಪುಡಿ, ಹಣೆಯ ಮೇಲೆ ಬೆವರು. ಒಳಗೆ ಪೊಟ್ಟಣಗಳು ಸಾಲಾಗಿ ತಯಾರಾಗಿದ್ದವು, ಮೈಮೇಲೆ ಏನೂ ಇಲ್ಲದೆ. ಕಪ್ಪು ಪರದೆ ನೋಡಿದಳು, ನನ್ನನ್ನು ನೋಡಿದಳು. ಅವಳು ಕೂಗಾಡಿದ್ದರೆ ನಾನೂ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

“ಈ ಮನೇಲಿ ಒಂದ್ಸಲ ನನ್ನ ಕೆಲಸ ಮೊದ್ಲು ಆಗ್ಲಿ ಅಂತ ಕೇಳಿದ್ದೆ ಕಣ್ರೀ. ಒಂದೇ ಒಂದ್ಸಲ” ಎಂದಳು.

ನನಗೆ ನಾಚಿಕೆಯಾಯಿತು. ತಮಾಷೆಯ ಪ್ರಬಂಧದಲ್ಲಿ ಈ ಮಾತು ಬರೆಯುವುದು ಸರಿಯೋ ಅಲ್ಲವೋ ಗೊತ್ತಿಲ್ಲ, ಆದರೆ ನಿಜವಾಗಿ ನಾಚಿಕೆಯಾಯಿತು. ನನ್ನ ಪಾಠದ ತಯಾರಿ, ನನ್ನ ಪರೀಕ್ಷೆಯ ಮೌಲ್ಯಮಾಪನ, ನನ್ನ ಲಿನಕ್ಸ್, ಎಲ್ಲಕ್ಕೂ ಆ ಮನೆ ಮೊದಲು ಜಾಗ ಬಿಟ್ಟುಕೊಟ್ಟಿತ್ತು. ಅವಳು ಕೈ ತೊಳೆದು ಬಂದಳು, ಪ್ರಿಂಟರನ್ನು ಡಬ್ಬದ ಸಮೇತ ಕಂಕುಳಲ್ಲಿ ಇಟ್ಟುಕೊಂಡು ಚಪ್ಪಲಿ ಮೆಟ್ಟಿದಳು. ಮೊದಲನೆಯ ಮಹಡಿಯ ನಿರ್ಮಲಾ ಅವರ ಮನೆಗೆ ಹೋದಳು ಎಂದು ಅಮ್ಮ ಹೇಳಿದಳು.

ನಾನು ಟೀ ಮಾಡಿಕೊಂಡೆ. ಅದು ಆರುವ ಮೊದಲೇ ಪುಷ್ಪ ವಾಪಸ್ ಬಂದಳು. ಕೈಯಲ್ಲಿ ಲೇಬಲ್ಲುಗಳ ದಪ್ಪ ಸುರುಳಿ. ‘ಕೋಗಿಲು ಹುಚ್ಚೆಳ್ಳು ಚಟ್ನಿಪುಡಿ’ ಎಂದು ಅಚ್ಚುಕಟ್ಟಾದ ಅಕ್ಷರ, ಕೆಳಗೆ ಸಾಮಗ್ರಿ, ದಿನಾಂಕ, ಎಲ್ಲ.

“ಅವ್ರದ್ದು ಯಾವ ಕಂಪ್ಯೂಟರ್ರು? ಯಾವ ಸಾಫ್ಟ್‌ವೇರಲ್ಲಿ ಮಾಡಿದ್ರಿ?” ಎಂದೆ. ನಾಚಿಕೆಗೆ ನನ್ನ ಮೈಯಲ್ಲಿ ಅಷ್ಟೇ ಆಯಸ್ಸು.

“ಗೊತ್ತಿಲ್ಲ. ನಿರ್ಮಲಾನೂ ಗೊತ್ತಿಲ್ಲ ಅಂದ್ರು. ವೈರ್ ಚುಚ್ಚಿದ್ವಿ, ಬಂತು.”

ನಾನು ಒಂದು ಲೇಬಲ್ ಕಿತ್ತು ಬೆಳಕಿಗೆ ಹಿಡಿದೆ. ಅಂಚು ನೋಡಿದೆ, ಅಂಟು ನೋಡಿದೆ. ಒಂದು ತಪ್ಪೂ ಸಿಗಲಿಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ.

“ಲೇಬಲ್ ಏನೋ ಚೆನ್ನಾಗೇ ಇದೆ. ಮಾಡಿಸಿದ ರೀತಿ ಸರಿಯಿಲ್ಲ.”

ಪೊಟ್ಟಣಗಳ ಬಾಯಿ ಮಡಿಸುತ್ತಿದ್ದ ಅಮ್ಮ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಏನಮ್ಮ?”

“ನಿಮ್ ತಾತಾನೂ ಇಂಗೇ ಅಂದಿದ್ದು ಕಣೋ. ಆ ಎತ್ತು ಬಂತಲ್ಲ, ಅವತ್ತು.”

“ತಾತ ತಾನೇ ತಂದಿದ್ದು?”

“ಎಲ್ಲಿ ತಂದ? ನಿಮ್ಮಜ್ಜಿ ತಂದಿದ್ದು. ಅವ್ನು ಸಂತೆಗ್ ಓಗಿ ಬರೀ ಮಾತು ತಂದ. ಉಳೋ ಒತ್ತಿಗೆ ಮಾತು ಕಟ್ಕೊಂಡು ಉಳೋಕಾಯ್ತದಾ ಅಂತ ನಿಮ್ಮಜ್ಜಿ ಮುಂದಿನ್ ವಾರ ಒಬ್ಳೇ ಬಸ್ ಅತ್ತಿದ್ಲು. ದಲ್ಲಾಳಿ ಇಲ್ಲ, ಏನಿಲ್ಲ. ಒಂದ್ ಎತ್ತಿನ್ ಮುಂದೆ ನಿಂತ್ಕೊಂಡು ಎಷ್ಟಪ್ಪ ಅಂದ್ಲಂತೆ. ಆ ಮಾರೋನು ಟವಲ್ ಮುಂದೆ ಮಾಡ್ದ. ‘ಟವಲ್ ಎತ್ತಪ್ಪ, ಬಾಯಲ್ ಏಳು’ ಅಂದ್ಲಂತೆ ಇವ್ಳು, ಸಂತೆಗೆಲ್ಲಾ ಕೇಳೋ ಅಂಗೆ. ಅವ್ನು ನಾಚ್ಕೊಂಡು ಸರಿಯಾದ್ ಬೆಲೇನೇ ಏಳ್ಬಿಟ್ಟ. ಮನೆಯಿಂದ ತಗೊಂಡೋಗಿದ್ ನಿಮ್ ತಾತನ್ ಕೆಂಪ್ ಟವಲ್ಲನ್ನೇ ಎತ್ತಿನ್ ಕೊರಳಿಗೆ ಕಟ್ಕೊಂಡು ನಡೆಸ್ಕೊಂಡೇ ಬಂದ್ಲು.”

“ತಾತ ಏನಂದ?”

“ಏನಂತಾನೆ? ಅಲ್ಲು ನೋಡ್ದ, ಗೊರ್ಸು ನೋಡ್ದ, ಸುಳಿ ನೋಡ್ದ. ಏನೂ ಸಿಗ್ಲಿಲ್ಲ. ‘ಎತ್ತೇನೋ ಒಳ್ಳೇದೇ, ವ್ಯಾಪಾರ ಮಾಡಿದ್ ರೀತಿ ಸರಿಯಿಲ್ಲ’ ಅಂದ. ಆ ಎತ್ತು ಸಾಯೋಗಂಟ ಅದ್ರಲ್ಲೇ ಉತ್ತ, ಅದನ್ನೇ ಅಂದ.”

ಪುಷ್ಪ ನಗಲಿಲ್ಲ. ನನ್ನ ಬೆರಳ ತುದಿಯಲ್ಲಿದ್ದ ಲೇಬಲನ್ನು ಬಿಡಿಸಿಕೊಂಡು ಒಂದು ಪೊಟ್ಟಣಕ್ಕೆ ಅಂಟಿಸಿ ಅಂಗೈಯಿಂದ ಒತ್ತಿದಳು. “ನೀವೂ ಅಂತಾ ಇರಿ. ನಂಗೇನಿಲ್ಲ” ಎಂದಳು.

ಭಾನುವಾರ ಕಾರ್ಯದರ್ಶಿ ಲೇಬಲನ್ನು ಕನ್ನಡಕ ಏರಿಸಿ ಓದಿದರು. ಈ ಕಥೆಯಲ್ಲಿ ಏನನ್ನಾದರೂ ಪೂರ್ತಿ ಓದಿದವರು ಅವರೊಬ್ಬರೇ. ಓದಿ ತಲೆಯಾಡಿಸಿದರು. ಬಿಸಿಲೇರುವ ಮೊದಲೇ ಪುಡಿಯೆಲ್ಲ ಖಾಲಿಯಾಯಿತು. ಮೇಣದಬತ್ತಿಯವರೂ ಒಂದು ಪೊಟ್ಟಣ ಒಯ್ದರು. ಟೇಬಲ್ ಪುಷ್ಪನಿಗೆ ಕಾಯಂ ಆಯಿತು. ಅಷ್ಟು ಹೊತ್ತೂ ನಾನು ಅವಳ ಪಕ್ಕದಲ್ಲೇ ಇದ್ದೆ ಎಂದು ಹೇಳಿಕೊಳ್ಳುವ ಆಸೆಯಿದೆ. ಆದರೆ ಲಿನಕ್ಸಿನ ಪೆಂಗ್ವಿನ್ ಚಿತ್ರದ ಟೀ ಶರ್ಟ್ ಹಾಕಿದ ಒಬ್ಬರು ಬಂದರು. ನೀವು ಯಾವ ಸಹಾಯಕ ಬಳಸುತ್ತೀರಿ ಎಂದು ಕೇಳಿದೆ. ಟೇಬಲ್ಲಿನ ಮುಂದೆ ಜನ ಬರಲು ದಾರಿಯಿಲ್ಲದಂತಾಯಿತು. ಪುಷ್ಪ ನಮ್ಮಿಬ್ಬರನ್ನೂ ಕಂಬದ ಆಚೆ ಕಳಿಸಿದಳು.

ವಾರದಲ್ಲಿ ಗುರುಶಾಂತ ಬಂದು ಲ್ಯಾಪ್‌ಟಾಪನ್ನು ಮೊದಲಿನಿಂದ ಜೋಡಿಸಿಕೊಟ್ಟ. ಸಹಾಯಕ ಯಾವುದೆಂಬುದು ಇನ್ನೂ ಚರ್ಚೆಯಲ್ಲಿದೆ. ಅಲ್ಲಿಯವರೆಗೆ ಎರಡೂ ಬೇಡ ಎಂದುಕೊಂಡಿದ್ದೇವೆ. ಪ್ರಿಂಟರು ನಿರ್ಮಲಾ ಅವರ ಮನೆಯಲ್ಲೇ ಇದೆ, ಅಲ್ಲಿ ಸುಖವಾಗಿದೆ ಎಂದು ಕೇಳುತ್ತೇನೆ.

ಟವೆಲ್ ಸಿಕ್ಕ ಮಾರನೆಯ ಬೆಳಿಗ್ಗೆ, ಅಂದರೆ ನಿನ್ನೆ, ಪುಷ್ಪನ ಎರಡನೆಯ ಸಂತೆ. ಈ ಸಲ ಪೊಟ್ಟಣಗಳು ದುಪ್ಪಟ್ಟು, ಎರಡು ದೊಡ್ಡ ಡಬ್ಬಗಳಷ್ಟು. ತಪ್ಪಿಗೆ ಪರಿಹಾರವೆಂಬಂತೆ ಗುರುಶಾಂತನೂ ಬಂದಿದ್ದ. ಅಮ್ಮ ಬೀರುವಿನಿಂದ ಆ ಟವೆಲನ್ನು ತಾನೇ ತೆಗೆದು ನನ್ನ ಕೈಗೆ ಕೊಟ್ಟಳು. “ಧೂಳ್ ಒರ್ಸೋಕಲ್ಲ. ಸಿಂಬೆ ಸುತ್ಕೊಂಡು ಡಬ್ಬ ತಲೆ ಮೇಲಿಟ್ಕೊ, ನಡಿ.”

“ಯಾರಾದ್ರೂ ಒಬ್ರು ಬನ್ರೀ, ಸಾಕು” ಎಂದಳು ಪುಷ್ಪ, ಲಿಫ್ಟಿನ ಬಾಗಿಲು ಹಿಡಿದುಕೊಂಡು.

“ತಲೀ ಮ್ಯಾಲ ಬ್ಯಾಡ್ರಿ ಸರ” ಎಂದ ಗುರುಶಾಂತ. “ಪ್ಯಾಕೆಟ್ ಕೆಳಗಿನ್ವು ಜಜ್ಜಿ ಹೋಗ್ತಾವು. ಇಬ್ಬರೂ ಎರಡೂ ಕಡೆ ಹಿಡಿಯೂಣು.”

“ಇಬ್ರು ಹಿಡಿದ್ರೆ ಓರೆಯಾಗತ್ತೆ. ನೀನು ಕುಳ್ಳ, ನಾನು ಎತ್ತರ. ತಲೆ ಮೇಲಾದ್ರೆ ತೂಕ ನೇರ ಇಳಿಯತ್ತೆ, ಸರಳ ಭೌತಶಾಸ್ತ್ರ ಇದು.”

“ಭೌತಶಾಸ್ತ್ರ ಇರಲಿ ಬಿಡ್ರಿ, ಮೊದಲ ಒಂದ್ ಡಬ್ಬಿ ಒಯ್ದು ನೋಡೂಣು, ಆಮ್ಯಾಲ...”

ತಿರುಗಿ ನೋಡಿದರೆ ಡಬ್ಬಗಳಿರಲಿಲ್ಲ. ಪುಷ್ಪ ಇರಲಿಲ್ಲ, ಅಮ್ಮನೂ ಇರಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿತ್ತು. ಮೇಲಿನ ಅಂಕಿ ಒಂದೊಂದೇ ಇಳಿಯುತ್ತ ಹೋಗಿ ಬಾವಿ ಹೊಲದಲ್ಲಿ ನಿಂತಿತು. ನನ್ನ ಕೈಯಲ್ಲಿ ಸಿಂಬೆ ಸುತ್ತಿದ ಟವೆಲ್ ಹಾಗೇ ಇತ್ತು.

“ಈಗ ಮೆಟ್ಟಲಾ ಇಳಿಯೂಣೇನ್ರಿ ಸರ, ಇಲ್ಲಾ ಲಿಫ್ಟ್ ಬರೂತನಕಾ ಕಾಯೂಣ್ರೀ?” ಎಂದ ಗುರುಶಾಂತ.

ಯೋಚಿಸಬೇಕಾದ ಪ್ರಶ್ನೆಯೇ. ನಾವು ಮೆಟ್ಟಿಲ ಮೇಲೆ ಕೂತೆವು.